ನಮ್ಮ ಅತ್ತೆ ನಡೆಸಿದ ಮಹಾಯುದ್ಧ

ಆ ದೊಡ್ಡ ಯುದ್ಧವನ್ನು ನಮ್ಮ ಅತ್ತೆಯ ಕೈಗೆ ಕೊಟ್ಟಿದ್ದರೆ ಒಂದು ಗುಂಡೂ ಹಾರದೆ ಎಲ್ಲರೂ ಹೋಳಿಗೆ ಉಂಡು ಮನೆಗೆ ಹೋಗುತ್ತಿದ್ದರು! ನಗಬೇಡಿ. ಹೊನ್ನಾಳಿಯಿಂದ ಚನ್ನಗಿರಿಯವರೆಗೆ ಅವರು ಕೂಡಿಸಿದ ಮದುವೆಗಳಲ್ಲಿ ಒಂದೂ ಮುರಿದಿರಲಿಲ್ಲ. ಅಂಥವರಿಗೆ ಜರ್ಮನಿ, ಜಪಾನು ಯಾವ ಲೆಕ್ಕ?

ಅತ್ತೆಗೆ ಓದು ಬಾರದು. ಚನ್ನಗಿರಿಯಲ್ಲಿ ನಾಲ್ಕಕ್ಷರ ಕಲಿತು ನ್ಯಾಮತಿಗೆ ಸೊಸೆಯಾಗಿ ಬಂದ ನಾನು ದಿನಾ ಪೇಪರು ಓದಿ ಹೇಳಬೇಕು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಎರಡು ಸಲ ಕೆಮ್ಮಿ ನಿಂತು, ನಿನ್ನೆಯ ಪೇಪರನ್ನು ಇವತ್ತು ತರುತ್ತಿತ್ತು. ಅತ್ತೆಗೆ ಅದರಿಂದ ಅಡ್ಡಿಯಿಲ್ಲ. ನಡೆದದ್ದನ್ನು ಅವರು ಹೇಗೂ ಒಪ್ಪುತ್ತಿರಲಿಲ್ಲವಲ್ಲ!

“ಜರ್ಮನಿಗೂ ರಷ್ಯಾಕ್ಕೂ ಬೀಗತನ ಮಾಡಿಸಿದ ಮುಠ್ಠಾಳ ಯಾವನು? ಇಬ್ಬರ ಕಣ್ಣೂ ಒಂದೇ ಹೊಲದ ಮ್ಯಾಲೆ ಐತೆ. ಮುರೀದೆ ಇನ್ನೇನಾಗ್ತೈತೆ?”

“ಮತ್ತೆ ಹೆಂಗೆ ಮಾಡಬೇಕಿತ್ತು, ಅತ್ತೆ?”

“ರಷ್ಯಾಕ್ಕೂ ಜಪಾನಿಗೂ ಸಾಟಿ ಮದುವೆ! ಇವರ ಹೆಣ್ಣು ಅಲ್ಲಿ, ಅವರ ಹೆಣ್ಣು ಇಲ್ಲಿ. ಆಮ್ಯಾಲೆ ಕಲ್ಲು ಎಸೆಯಾಕೆ ಯಾರಿಗೆ ಧೈರ್ಯ ಬರ್ತೈತೆ?”

ಅಮೆರಿಕದವರ ಮೇಲೆ ಬೇರೆಯೇ ಸಿಟ್ಟು. ಎಲೆ ಹಾಕಿದ ಮೇಲೆ ಬರುವ ನೆಂಟರಂತೆ ಬಂದರಂತೆ! ನಿಶ್ಚಿತಾರ್ಥಕ್ಕೇ ಬಂದು ಮುಂದೆ ಕೂತಿದ್ದರೆ ಎಲ್ಲರೂ ತೆಪ್ಪಗಿರುತ್ತಿದ್ದರಂತೆ.

ಒಮ್ಮೆ ಕಂದಾಯದ ಲೆಕ್ಕಕ್ಕೆ ಮನೆಗೆ ಬಂದ ಶೇಕದಾರರನ್ನು ಅತ್ತೆ ಕೂರಿಸಿ ಮಜ್ಜಿಗೆ ಕೊಟ್ಟರು.

“ಸಾಹೇಬ್ರೆ, ಮ್ಯಾಲಿನೋರಿಗೆ ಒಂದು ಅರ್ಜಿ ಬರೀರಿ. ಮುಹೂರ್ತ ಸರಿಯಿಲ್ಲ, ಬರೋ ವೈಶಾಖಕ್ಕೆ ಮುಂದೂಡ್ಲಿ.”

“ಏನನ್ನಮ್ಮ?”

“ಯುದ್ಧನ!”

ಪಾಪ, ಮಜ್ಜಿಗೆ ಶೇಕದಾರರ ಮೂಗಿಗೆ ಹತ್ತಿತು.

ಊರೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಪೂರ್ತಿ ಅಲ್ಲ. ಅತ್ತೆ ಯಾರನ್ನು ಯಾರಿಗೆ ಗಂಟು ಹಾಕಿದರೂ, ಎಷ್ಟು ತಿಂಗಳು ಹಿಂದೆಮುಂದೆ ಮಾಡಿದರೂ, ಅವರ ಯುದ್ಧದಲ್ಲಿ ಬೊಂಬಾಯಿಯಿಂದ ಸಿಂಗಾಪುರಕ್ಕೆ ಒಂದು ಹಡಗು ಮಾತ್ರ ಹೊರಡುತ್ತಿರಲಿಲ್ಲ. ನಿಜವಾಗಿ ಹೊರಟ ಆ ಹಡಗಿನಲ್ಲಿ, ಮಿಲಿಟರಿ ಲಾರಿ ಓಡಿಸಲು ಅವರ ಒಬ್ಬನೇ ಮಗ, ಅಂದರೆ ನನ್ನ ಯಜಮಾನರು, ಹೋಗಿದ್ದರು. ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ ಅವರಿಂದ ಕಾಗದವಿಲ್ಲ. ಬದುಕಿದ್ದಾರೋ ಇಲ್ಲವೋ ಹೇಳುವವರೂ ಇಲ್ಲ.

ಯುದ್ಧ ಮುಗಿದ ಮೇಲೆ, ಅವರ ಜೊತೆ ಸೆರೆಯಲ್ಲಿದ್ದ ಒಬ್ಬರ ಕಾಗದ ಬಂತು. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಓದಿದೆ. ಸೆರೆಯಲ್ಲೇ ಜ್ವರ ಬಂದು ಹೋಗಿಬಿಟ್ಟಿದ್ದರು, ಅದೂ ಎರಡು ವರ್ಷದ ಹಿಂದೆಯೇ. ಅತ್ತೆ ಇನ್ನೊಮ್ಮೆ ಓದಿಸಿದರು. ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಕ್ಕಿದೆವು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ, ಯಾಕೆಂದೂ ಹೇಳದೆ, ಒಬ್ಬರೇ ಜಗಳೂರಿನ ಕಡೆ ಹೊರಟರು. ಎರಡು ದಿನ ಬಿಟ್ಟು ಬಂದು ನನ್ನೆದುರು ಕೂತರು.

“ಅಲ್ಲೊಬ್ಬ ಮೇಷ್ಟ್ರು ಅದಾನೆ. ಹೆಂಡ್ತಿ ತೀರ್ಕೊಂಡು ಮೂರು ವರ್ಷ ಆತು. ಸಿಡುಕನಲ್ಲ, ಅಕ್ಕಪಕ್ಕದ ಮನೆಯೋರನ್ನೆಲ್ಲ ಕೇಳೀನಿ. ನಮ್ಮ ಜನದಾಗೆ ಸೀರುಡಿಕೆ ಐತೆ. ಗಂಡ ಹೋದ ಹೆಣ್ಣು ಮತ್ತೆ ಸೀರೆ ಉಟ್ಟು ಇನ್ನೊಂದು ಮನೆ ಸೇರೋದ್ರಾಗೆ ತಪ್ಪಿಲ್ಲ.”

“ನಾನು ಹೋದ್ರೆ ನಿಮಗೆ ಪೇಪರು ಓದೋರು ಯಾರು, ಅತ್ತೆ?”

“ಯುದ್ಧ ಮುಗೀತಲ್ಲೇ,” ಅಂದರು. “ಇನ್ನು ಪೇಪರು ಯಾಕೆ?”

ಸೀರುಡಿಕೆಯ ದಿನ, ಹೆಣ್ಣಿಗೆ ತಾಯಿ ಯಾರು ಎಂದು ಜಗಳೂರಿನವರು ಕೇಳಿದರು. ಅತ್ತೆ “ನಾನೇ” ಎಂದು ಮುಂದೆ ಬಂದರು. ನನ್ನ ನೆರಿಗೆ ಸರಿಮಾಡುತ್ತಾ, ಗದರುವ ದನಿಯಲ್ಲೇ ಹೇಳಿದರು:

“ಪಂಚಮಿಗೆ ಕರೆಯಾಕೆ ಬರ್ತೀನಿ. ಮದುವೆ ಆದ ಮಗಳು ಹಬ್ಬಕ್ಕೆ ತವರಿಗೆ ಬರ್ಬೇಕು, ತಿಳೀತಾ?”

ಬದುಕಿದ್ದಷ್ಟು ವರ್ಷವೂ ಬಂದರು.