ಮುಂಗಡ ನಮಸ್ಕಾರ

"ಖೋ!"

ನಾನು ಫ್ರಾಕ್ ತೊಡುತ್ತಿದ್ದ ಕಾಲದಲ್ಲಿ ರೋಣದ ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಕೂಗುತ್ತಿದ್ದವಳು ನಮ್ಮಕ್ಕ, ದೊಡ್ಡಪ್ಪನ ಮಗಳು. ಹೆಸರು ಹೇಳುವುದಿಲ್ಲ, ಹೇಳಿದರೆ ಸುತ್ತಲಿನ ಊರುಗಳ ಎಷ್ಟೋ ಅಜ್ಜಿಯರು ಈಗಲೂ ಬೆಚ್ಚಿ ಎದ್ದು ಓಡಿಯಾರು! ಒಬ್ಬ ಹೆಂಗಸಿನಿಂದ ಇನ್ನೊಬ್ಬಳಿಗೆ ಎಷ್ಟು ನಾಚಿಕೆ ಆಗಬಹುದೋ ಅಷ್ಟನ್ನೂ ಅವಳು ನನಗೊಬ್ಬಳಿಗೇ ಒದಗಿಸಿದಳು.

ನಾನೋ ಬೆಳಗಾವಿಯ ಕಾನ್ವೆಂಟಿನವಳು. "ಎಕ್ಸ್‌ಕ್ಯೂಸ್ ಮಿ" ಎನ್ನದೆ ಸೀನುತ್ತಿರಲಿಲ್ಲ! ರಜೆಗೆ ರೋಣಕ್ಕೆ ಬಂದರೆ ಈ ಅಕ್ಕ. ಅವಳ ಶಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸುವವರಿರಲಿಲ್ಲ. "ಮ್ಯಾಲಿನ ಕ್ಲಾಸಿನವ್ರ ಕೆಳಗಿನವ್ರಿಗೆ ಕಲಸ್ರಿ" ಎಂದು ಹೆಡ್‌ಮಾಸ್ತರರು ಒಮ್ಮೆ ಬಾಯಿತಪ್ಪಿ ಅಂದರು. ಮುಗಿಯಿತು! ಮ್ಯಾಟ್ರಿಕ್ಕಿನಲ್ಲಿದ್ದ ಅಕ್ಕ ಮರುದಿನವೇ ಖೋ-ಖೋ ಕೋಚ್.

"ಲೀಡರ್ಕಿ ನಮ್ಮ ರಕ್ತದಾಗ ಐತಿ. ನೂರು ವರ್ಷದ ಹಿಂದ ಬಂಡಾಯದಾಗ ನಮ್ಮ ಮುತ್ತಜ್ಜ ನರಗುಂದ ಕೋಟ್ಯಾಗ ಇದ್ದ!"

"ಇದ್ದ, ಖರೇ. ಕುದರಿಗೆ ಹುಲ್ಲ ಹಾಕಾಕ," ಎಂದರು ದೊಡ್ಡಪ್ಪ.

ಕೋಚಿಂಗ್ ನೋಡಬೇಕಿತ್ತು! ಕಂಬ ಸುತ್ತುವುದನ್ನು ಕಲಿಸಲು ಹುಡುಗಿಯರನ್ನು ಕಣಕ್ಕೇ ಕರೆದೊಯ್ದಳು. ಅಲ್ಲಿ ಮೇಟಿಕಂಬದ ಸುತ್ತ ಎತ್ತುಗಳು ಜೋಳದ ತೆನೆ ತುಳಿಯುತ್ತಿದ್ದವು. "ಒಳಗಿನ ಎತ್ತು ಹ್ಯಾಂಗ ಸಣ್ಣ ಹೆಜ್ಜಿ ಇಡತೈತಿ ನೋಡ್ರಿ! ಹಂಗ ತಿರುಗಬೇಕು." ಎತ್ತುಗಳ ಹಿಂದೆ ಟೀಮು, ಟೀಮಿನ ಹಿಂದೆ ಕಾನ್ವೆಂಟು. ನನ್ನ ಬಿಳಿ ಸಾಕ್ಸಿನ ಮೇಲೆ ಎತ್ತು ತನ್ನ ಅಭಿಪ್ರಾಯವನ್ನು ಬಿಸಿಬಿಸಿಯಾಗಿಯೇ ತಿಳಿಸಿತು.

ತೊಡಕು ಬೇರೆಯೇ ಇತ್ತು. ಖೋ-ಖೋದಲ್ಲಿ ಬೆನ್ನು ತಟ್ಟಿ "ಖೋ" ಎಂದವಳು ಆ ಜಾಗದಲ್ಲಿ ಕೂರಬೇಕು, ತಟ್ಟಿಸಿಕೊಂಡವಳು ಎದ್ದು ಓಡಬೇಕು. ಸಾಲಾಗಿ ಕೂತವರ ನಡುವೆ ತಪ್ಪಿಸಿಕೊಳ್ಳುವವಳು ನುಸುಳುವಾಗ ಕಾಲು ತಾಗದಿದ್ದೀತೇ? ನಮ್ಮ ಕಡೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಲ್ಲ! ಹುಡುಗಿ ನಿಲ್ಲುವಳು, ಬಗ್ಗುವಳು, ಔಟಾಗುವಳು. ಔಟ್ ಮಾಡಿದವಳ ಕಾಲೂ ತಾಗಿರುತ್ತಿತ್ತು, ಅವಳೂ ಬಗ್ಗುವಳು!

"ಬಿಡ್ರೆವಾ ಆ ನಮಸ್ಕಾರ!"

"ಪಾಪ ಹತ್ತತೈತ್ರಿ ಅಕ್ಕಾರ!"

ಅಷ್ಟರಲ್ಲಿ ಗಜೇಂದ್ರಗಡದಲ್ಲಿ ನರಗುಂದದ ಹುಡುಗಿಯರ ಜೊತೆ ಪಂದ್ಯ ಗೊತ್ತಾಯಿತು. ದೊಡ್ಡಪ್ಪ ಕಡ್ಡಿ ಮುರಿದಂತೆ ಹೇಳಿದರು: "ಸೋತು ಬಂದಿ ಅಂದ್ರ ಆಟಾನೂ ಬಂದ್, ಸಾಲೀನೂ ಬಂದ್. ಬದಾಮಿ ವರನ ಕಡಿಯವ್ರು ಕಾಯಾಕ ಹತ್ಯಾರ." ಅಂದು ರಾತ್ರಿ ಅಕ್ಕ ಶಾಲೆಯ ಚೀಲವನ್ನು ತಲೆಯಡಿ ಇಟ್ಟುಕೊಂಡು ಮಲಗಿದಳು. ನನಗದು ಅವಳ ಕೂಗಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಪಂದ್ಯದ ದಿನ ಗುಡ್ಡದ ಕೆಳಗಿನ ಬಯಲಿನ ತುಂಬ ಜನ. ಅಕ್ಕ ಟೀಮನ್ನು ನಟ್ಟನಡುವೆ ನಿಲ್ಲಿಸಿದಳು. "ಆಟದಾಗ ಎಷ್ಟ ಕಾಲ ತಾಗತಾವೋ ಅಷ್ಟಕ್ಕೂ ಈಗ ಮುಂಗಡ ನಮಸ್ಕಾರ ಮಾಡಿಬಿಡ್ರಿ. ಆಮ್ಯಾಲ ನಿಂತೀರಿ, ಜ್ವಾಕಿ!" ತಾನೇ ಮೊದಲು ಧೂಳಿನಲ್ಲಿ ಕೂತು ಎಲ್ಲರಿಗಿಂತ ಚಿಕ್ಕವಳ ಕಾಲು ಮುಟ್ಟಿದಳು. ಲೀಡರ್ ಎಂದರೆ ನೆಟ್ಟಗೆ ನಿಲ್ಲಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು, ಬಗ್ಗುವುದು ಸಿಲೆಬಸ್ಸಿನಲ್ಲಿರಲಿಲ್ಲ.

ಒಬ್ಬರ ಕಾಲಿಗೊಬ್ಬರು ದಬದಬ ಬಿದ್ದರು. ಜನ ಗೊಳ್ಳೆಂದಿತು. "ಆಡೂಕಿಂತ ಮೊದಲ ಕಾಲಿಗೆ ಬಿದ್ರಲ್ಲಪಾ!" ಮೈ ಗಾಡ್! ನೀರು ಕೊಡಲು ಬಂದಿದ್ದ ನಾನು ಕೊಡಗಳ ಹಿಂದೆ ಮುದುಡಿ ಕೂತೆ. ಅಕ್ಕ ಅಲ್ಲಿಗೂ ಬಂದು ನನ್ನ ಪಾಲಿಶ್ ಬೂಟು ಮುಟ್ಟಿದಳು!

"ಅಕ್ಕಾ, ಪ್ಲೀಸ್! ಗೆಟ್ ಅಪ್!"

"ನೀರ ಕೊಡೂವಾಗ ತಾಗತೈತಿ. ನೀನೂ ಟೀಮಿನಾಕೀನ."

ಆಮೇಲೆ ನಮ್ಮವರು ಓಡಿದರು ನೋಡಿ! ಎಡವಿದರು, ತುಳಿದರು, ಒಬ್ಬಳೂ ನಿಲ್ಲಲಿಲ್ಲ. ಕೊನೆಗೆ ಸಮ-ಸಮ, ನರಗುಂದದ ಚಿಗರಿಯಂತೆ ಜಿಗಿಯುವ ಹುಡುಗಿಯೊಬ್ಬಳು ಮಾತ್ರ ಉಳಿದಿದ್ದಳು. ಸಾಲಿನ ನಡುವೆ ನುಸುಳಿದಳು. ಕೂತಿದ್ದ ನಮ್ಮ ಹುಡುಗಿಗೆ ಕಾಲು ತಾಗಿತು. ಪಾಪ, ನರಗುಂದದವಳ ಮುಂಗಡ ಯಾರು ಮಾಡಿದ್ದರು? ನಿಂತಳು. ಬಗ್ಗಿದಳು. ಔಟ್! ಗೆದ್ದೆವು!

ದೊಡ್ಡಪ್ಪ ಮಾತು ಉಳಿಸಿಕೊಂಡರು. ಬದಾಮಿಯವರು ಮ್ಯಾಟ್ರಿಕ್ ಮುಗಿಯುವವರೆಗೆ ಕಾದರು.

ಅಕ್ಕನನ್ನು ನಾನು ಕಡೆಯ ಸಲ ಕಂಡದ್ದು ನರಗುಂದದಲ್ಲಿ, ಅವಳ ಮಗಳ ಮನೆಯಲ್ಲಿ. ಮಂಡಿ ಸೋತು ಕುರ್ಚಿ ಹಿಡಿದಿದ್ದಳು. ಹೊರಡಲು ಎದ್ದಾಗ ನನ್ನ ಕಾಲು ಅವಳ ಪಾದಕ್ಕೆ ತಾಗಿತು. ಸೊಂಟ ಹಿಡಿದುಕೊಂಡು ಬಗ್ಗಿದೆ, ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಬೇಗ ಏಳಲಾಗಲಿಲ್ಲ.

"ಗಜೇಂದ್ರಗಡದ ಮುಂಗಡ ಈಗ ಮುಟ್ಟಸಾಕ ಹತ್ತೀಯೇನವಾ?" ಅಂದಳು. ಬಗ್ಗಿದ ನನ್ನ ಬೆನ್ನಿಗೆ ಅಂಗೈ ತಾಗಿತು. ಹಗುರ, ಒಣ ಎಲೆಯಂತೆ.

"ಖೋ."

ಎದ್ದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅಕ್ಕ ಕೂತಲ್ಲಿಂದಲೇ ಕೈ ಬೀಸುತ್ತಿದ್ದಳು: ಓಡು, ನಿಲ್ಲಬೇಡ.