ಬ್ಯಾಟರಿಗೆ ಇಟ್ಟ ಕುಂಕುಮ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಇಪ್ಪತ್ತು ವರ್ಷಗಳಿಂದ ಹತ್ತನೇ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಿದ್ದೇನೆ. ಕರಿಹಲಗೆಯ ಮೇಲೆ ಬ್ಯಾಟರಿಯ ಚಿತ್ರ ಬರೆದು, ಒಂದು ಕಡೆ ಪ್ಲಸ್ಸು ಇನ್ನೊಂದು ಕಡೆ ಮೈನಸ್ಸು ಹಾಕಿ, ನಾಲ್ಕು ಬಾಣದ ಗುರುತು ಎಳೆದು ವಿದ್ಯುತ್ತನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಓಡಿಸಬಲ್ಲೆ. ಆದರೆ ನಿಜವಾದ ಬ್ಯಾಟರಿಯೊಂದು ಕೈಗೆ ಬಂದರೆ ನನ್ನ ಬಣ್ಣ ಬಯಲಾಗುತ್ತದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಕಟ್ಟಿದವನು ಯಾರೋ ಮೇಷ್ಟ್ರ ಮನೆಯ ಪಕ್ಕದಲ್ಲಿ ಬಾಡಿಗೆಗೆ ಇದ್ದಿರಬೇಕು ಎಂದು ನನ್ನ ಗುಮಾನಿ.

ನನ್ನ ಮೋಟಾರ್ ಸೈಕಲ್ಲಿಗೆ ಹದಿನೈದು ವರ್ಷ. ಕಿಕ್ಕರ್ ಹಲ್ಲು ಸವೆದುಹೋಗಿ ಬಹಳ ಕಾಲವಾಯಿತು. ಒದ್ದರೆ ಕಾಲು ಕೆಳಗೆ ಹೋಗುತ್ತದೆ, ಎಂಜಿನ್ನಿಗೆ ಸುದ್ದಿ ತಲುಪುವುದಿಲ್ಲ. ಹಾಗಾಗಿ ಸೆಲ್ಫ್ ಬಟನ್ನೇ ಗತಿ. ಅದೂ ಒಂದು ಬೆಳಿಗ್ಗೆ 'ಟಿಕ್' ಎಂದು ಲೊಚಗುಟ್ಟಿ ಮೌನ ತಾಳಿತು. ಇವತ್ತು ನೋಡೋಣ, ನಾಳೆ ನೋಡೋಣ ಎಂದು ನಾನು ಮೂರು ವಾರ ತಳ್ಳಿದೆ. ಅಷ್ಟರಲ್ಲಿ ಅಂಗಳದ ಅವರೆ ಬಳ್ಳಿ ಹ್ಯಾಂಡಲ್ಲಿನ ಮೇಲೆ ಎರಡು ಸುತ್ತು ಹಾಕಿ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಷ್ಟು ಮುಂದುವರಿದಿತ್ತು. ನನ್ನ ಹೆಂಡತಿ ನಾಗರತ್ನ ಅದನ್ನು ನೋಡಿ, "ರೀ, ಭಾನುವಾರ ಲಕ್ಕೂರಿಂದ ನನ್ನ ತಮ್ಮ ಮಂಜು ಬರ್ತಾನೆ. ಹಿಪ್ಪುನೇರಳೆ ತೋಟಕ್ಕೆ ಓಡಾಡೋಕೆ ಅವನಿಗೊಂದು ಗಾಡಿ ಬೇಕಂತೆ. ಅಷ್ಟರೊಳಗೆ ಇದು ಸ್ಟಾರ್ಟ್ ಆದ್ರೆ ಇಟ್ಕೊಳ್ಳಿ, ಆಗ್ಲಿಲ್ಲಾಂದ್ರೆ ಅವನು ತಗೊಂಡ್ಹೋಗಿ ರಿಪೇರಿ ಮಾಡಿಸ್ಕೊಳ್ಲಿ" ಎಂದಳು. ನಾಗರತ್ನ ಒಂದು ಮಾತು ಹೇಳಿದರೆ ಅದು ಗೆಜೆಟ್ಟಿನಲ್ಲಿ ಬಂದಂತೆ.

ನನಗೆ ಆ ಗಾಡಿ ಬಿಡಲು ಸುತರಾಂ ಮನಸ್ಸಿರಲಿಲ್ಲ. ಮದುವೆಯಾದ ವರ್ಷ ಕೊಂಡದ್ದು ಅದು. ಶ್ರೀನಿವಾಸಪುರದ ರಸ್ತೆಯಲ್ಲಿ, ಮಾವಿನ ತೋಪುಗಳ ನಡುವೆ, ಅಷ್ಟು ಹೊತ್ತೂ ಹಿಂದಿನ ಕಂಬಿಯನ್ನೇ ಹಿಡಿದು ಕೂತಿದ್ದ ನಾಗರತ್ನ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟದ್ದು ಅದರ ಮೇಲೆಯೇ. ಒಂದು ಗುಂಡಿ ಬಂದಿತ್ತು, ಅದಕ್ಕೇ ಇಟ್ಟಳು. ಗುಂಡಿ ದಾಟಿದ ಮೇಲೂ ಕೈ ತೆಗೆಯಲಿಲ್ಲ. ರಸ್ತೆ ಮಾಡಿಸುವವರನ್ನು ಎಲ್ಲರೂ ಬೈಯುವಾಗ ನಾನು ಸುಮ್ಮನಿರುವುದು ಆ ಉಪಕಾರದ ಸ್ಮರಣೆಯಿಂದ.

ಶುಕ್ರವಾರ ಸಂಜೆ ಚಲಪತಿಯ ಬ್ಯಾಟರಿ ಅಂಗಡಿಗೆ ಹೋದೆ. ಚಲಪತಿ ವ್ಯಾಪಾರವನ್ನು ಕನ್ನಡದಲ್ಲಿ ಮಾಡುತ್ತಾನೆ, ಬೈಗುಳಕ್ಕೆ ಮಾತ್ರ ತೆಲುಗನ್ನು ಇಟ್ಟುಕೊಂಡಿದ್ದಾನೆ. "ಎಷ್ಟು ಆಂಪೇರ್ದು ಕೊಡ್ಲಿ ಸಾರ್?" ಎಂದು ಕೇಳಿದ. ಬೈಕಿನ ವಿಷಯದಲ್ಲಿ ಆ ಲೆಕ್ಕ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ವಿಜ್ಞಾನದ ಮೇಷ್ಟ್ರ ನಾಲಿಗೆ ಏಳಬೇಕಲ್ಲ! "ಇರೋದರಲ್ಲಿ ದೊಡ್ಡದು ಕೊಡಪ್ಪ" ಎಂದೆ. ಮನೆಗೆ ತಂದು ನೋಡಿದರೆ ಅದು ಗಾಡಿಯ ಬ್ಯಾಟರಿ ಪೆಟ್ಟಿಗೆಯಿಂದ ಎರಡು ಬೆರಳು ಮೇಲಕ್ಕೆ ನಿಂತಿತು. ಅಡ್ಡ ಮಲಗಿಸಿದೆ, ಓರೆ ಮಾಡಿದೆ, ಗೋಗರೆದೆ. ಮಾರನೆಯ ಬೆಳಿಗ್ಗೆ ಅದನ್ನೂ ಹಳೆಯದನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೆ ಹೋದಾಗ ಚಲಪತಿ, "ಅಯ್ಯೋ ದೇವುಡಾ! ಹಳೇದರ ಮೈಮೇಲೇ ನಂಬರ್ ಬರೆದೈತಲ್ಲ ಸಾರ್. ಮೇಷ್ಟ್ರುಗಳೆಲ್ಲ ಇಷ್ಟೇ. ಬೋರ್ಡ್ ಮೇಲೆ ಬರೆಯೋದು ಬಿಟ್ರೆ ಬೇರೆ ಕಡೆ ಬರೆದಿರೋದು ಓದಲ್ಲ" ಎಂದು ಸರಿಯಾದ ಬ್ಯಾಟರಿ ಕೊಟ್ಟ. "ಮನೆಗೆ ಬಂದು ನಾನೇ ಕೂಡಿಸ್ಲಾ?" ಎಂದೂ ಕೇಳಿದ. ನಾನು ನಕ್ಕು ಬೇಡವೆಂದೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಮನೆಯಲ್ಲಿ ಹೊಸದಾಗಿ ಏನು ಬಂದರೂ ಪೂಜೆಯಾಗದೆ ಕೆಲಸಕ್ಕೆ ಇಳಿಯುವುದಿಲ್ಲ. ಮಿಕ್ಸಿಗೂ ಆಗಿದೆ, ನೀರಿನ ಮೋಟರಿಗೂ ಆಗಿದೆ. ನಾನು ಸ್ಕ್ರೂ ಡ್ರೈವರ್ ಹುಡುಕಿಕೊಂಡು ಬರುವಷ್ಟರಲ್ಲಿ ನಾಗರತ್ನ ಬ್ಯಾಟರಿಯನ್ನು ಮಣೆಯ ಮೇಲೆ ಕೂರಿಸಿ, ಅದರ ಎರಡು ತುದಿಗಳಿಗೂ ಭೇದಭಾವವಿಲ್ಲದೆ ಅರಿಶಿನ ಕುಂಕುಮ ಮೆತ್ತಿ, ಮೇಲೊಂದು ಸೇವಂತಿಗೆ ಇಟ್ಟಿದ್ದಳು. ಕೆಂಪು ಇರುವ ಕಡೆ ಪ್ಲಸ್ಸು ಎಂದು ಇಪ್ಪತ್ತು ವರ್ಷ ಹೇಳಿಕೊಟ್ಟವನ ಮುಂದೆ ಈಗ ಎರಡು ತುದಿಯೂ ಕೆಂಪು! ಗುರುತುಗಳು ಕುಂಕುಮದ ಕೆಳಗೆ ಎಲ್ಲೋ ಇದ್ದವು. ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. "ಏನ್ರೀ ಅದು! ಶನಿವಾರ ಹೊತ್ತು, ಮುತ್ತೈದೆ ಇಟ್ಟ ಕುಂಕುಮ ಒರೆಸ್ತೀರಾ?" ಎಂದು ಅವಳು ಕೂಗಿದ ರೀತಿಗೆ ಬಟ್ಟೆ ತಾನಾಗಿ ಕೆಳಗೆ ಬಿತ್ತು. ಕುಂಕುಮ ಒರೆಸಿದರೆ ಯಾರಿಗೆ ಕೇಡು ಎಂದು ಬಿಡಿಸಿ ಹೇಳಬೇಕಾಗಿಲ್ಲ, ಆ ಮನೆಯಲ್ಲಿ ಗಂಡ ಎಂದು ಇರುವವನು ನಾನೊಬ್ಬನೇ.

ಸರಿ, ದೇವರ ಮೇಲೆ ಭಾರ ಹಾಕಿ ಅಂದಾಜಿನ ಮೇಲೆ ತಂತಿ ಸಿಕ್ಕಿಸಿದೆ. ಒಂದು ಕಿಡಿ ಹಾರಿತು. ಜೊತೆಗೆ ಫ್ಯೂಸೂ ಹಾರಿತು. ಚಲಪತಿಗೆ ಫೋನ್ ಮಾಡಿದರೆ, ಅವನು ಒಂದು ನಿಮಿಷ ಅಪ್ಪಟ ತೆಲುಗಿನಲ್ಲಿ ಮಾತಾಡಿ, ಆಮೇಲೆ ಕನ್ನಡಕ್ಕೆ ಬಂದ: "ಫ್ಯೂಸ್ ಪಕ್ಕದಲ್ಲೇ ಇನ್ನೊಂದು ಫ್ಯೂಸ್ ಇಟ್ಟಿರ್ತಾರೆ ಸಾರ್, ಅದನ್ನ ಹಾಕಿ. ಮೊದಲು ಪ್ಲಸ್ಸಿಗೆ ಕೆಂಪು ವೈರು, ಆಮೇಲೆ ಮೈನಸ್ಸಿಗೆ ಕಪ್ಪು. ಪ್ಲಸ್ ಯಾವುದು ಅಂತ ನಾನು ಹೇಳ್ಕೊಡ್ಬೇಕಾ ನಿಮಗೆ?"

ಕಿಡಿಯ ಗಾಬರಿಯಲ್ಲಿ ತಂತಿ ಕಿತ್ತು ಬ್ಯಾಟರಿಯನ್ನು ಹೊರಗೆಳೆದಿದ್ದೆ, ಯಾವ ತಂತಿ ಯಾವ ತುದಿಗೆ ಹಾಕಿದ್ದೆನೋ ನೆನಪಿಲ್ಲ. ಇರುವುದು ಒಂದೇ ಫ್ಯೂಸು, ಮತ್ತೆ ಅಂದಾಜು ಮಾಡುವ ಹಾಗಿಲ್ಲ. ಬೆಳಗಾದರೆ ಮಂಜು ಬರುತ್ತಾನೆ. ನಾನು ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ನಾಗರತ್ನ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಬ್ಯಾಟರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ತುದಿಯ ಕುಂಕುಮವನ್ನು ಉಂಗುರದ ಬೆರಳಿನಲ್ಲಿ ತೆಗೆದು ತನ್ನ ತಾಳಿಗೆ ಒತ್ತಿಕೊಂಡಳು. ಉಳಿದದ್ದನ್ನು ತನ್ನ ಹಣೆಗೆ, ಇನ್ನೂ ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದಳು. "ಒರೆಸಿದ್ರೆ ತಪ್ಪು. ಪ್ರಸಾದ ಅಂತ ತಗೊಂಡ್ರೆ ತಪ್ಪೇನಿಲ್ಲ" ಎಂದಳು. ಕುಂಕುಮದ ಕೆಳಗಿನಿಂದ ಪ್ಲಸ್ ಗುರುತು ಮೆಲ್ಲಗೆ ದರ್ಶನ ಕೊಟ್ಟಿತು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಬ್ಯಾಟರಿಯನ್ನು ಹಿಡಿದಿಡುವ ರಬ್ಬರ್ ಪಟ್ಟಿ ಮುಟ್ಟಿದ ಕೂಡಲೇ ಪುಡಿಯಾಯಿತು. ಪೆಟ್ಟಿಗೆಯಲ್ಲಿ ಸರಿಯಾಗಿ ಕೂತಿದೆ, ಪಟ್ಟಿ ಯಾಕೆ ಎಂದು ನಾನು ವಾದಿಸಿದೆ. ಅವಳು ಗಾಡಿಯನ್ನು ಒಮ್ಮೆ ಅಲ್ಲಾಡಿಸಿದಳು. ಒಳಗಿನಿಂದ ಕಡಕಡ ಎಂದಿತು. ತವರಿನಲ್ಲಿ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿ ಬೆಳೆದ ಕೈ ಅವಳದು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ತಂದು, ಎಳೆದು, ಒಂದು ಗಂಟು ಹಾಕಿದಳು. ನಾನು ಹೊಸ ಫ್ಯೂಸ್ ಹಾಕಿ, ತಂತಿಗಳನ್ನು ಬಿಗಿದು ಬಟನ್ ಒತ್ತಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವರೆ ಬಳ್ಳಿಯನ್ನು ಮರ್ಯಾದೆಯಿಂದ ಬಿಡಿಸಿ ಪಕ್ಕದ ಕೋಲಿಗೆ ಹಬ್ಬಿಸಿದೆ.

ಭಾನುವಾರ ಮಂಜು ಬಂದ. ನಾನು ಗತ್ತಿನಿಂದ ಬೀಗದ ಕೈ ಕೊಟ್ಟು, "ನೋಡಪ್ಪ, ನಾನೇ ಬ್ಯಾಟರಿ ಹಾಕಿದ್ದು" ಎಂದೆ. ಅವನು ಒಂದು ರೌಂಡು ಹೋಗಿ ಬಂದು, ಇಳಿದು, ಟ್ಯಾಂಕನ್ನು ಎತ್ತಿನ ಬೆನ್ನು ಸವರಿದ ಹಾಗೆ ಸವರಿ, "ಭಾವ, ಕೆಟ್ಟಿದೆ ಅಂತ ಅಕ್ಕ ಹೇಳಿದ್ಳು, ಬೇಡ ಅನ್ನೋಣ ಅಂತಾನೇ ಬಂದೆ. ಇದು ಚಿನ್ನದಂಥ ಗಾಡಿ! ಊಟ ಮಾಡ್ಕೊಂಡು ಇದರಲ್ಲೇ ಹೊರಟುಬಿಡ್ತೀನಿ" ಎಂದ. ಕೆಟ್ಟು ನಿಂತಿದ್ದರೆ ಅವನು ಮುಟ್ಟುತ್ತಲೇ ಇರಲಿಲ್ಲ. ಎರಡು ದಿನ ಬೆವರು ಸುರಿಸಿ ನಾನೇ ಗಾಡಿಯನ್ನು ಸಿಂಗರಿಸಿ ಅವನ ಕೈಗೆ ಧಾರೆ ಎರೆದಿದ್ದೆ. ಹೆಂಡತಿಯ ತಮ್ಮನಿಗೆ, ಅದೂ ಊಟದ ಹೊತ್ತಿನಲ್ಲಿ, ಇಲ್ಲ ಎನ್ನುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಹಿತಕಿದಬೇಳೆ ಸಾರಿನಲ್ಲಿ ಅವನು ಎರಡನೇ ಮುದ್ದೆ ಮುರಿಯುತ್ತಿದ್ದಾಗ ನಾನು ಬೇಗ ಊಟ ಮುಗಿಸಿ, ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದೆ. ಸ್ಕ್ರೂ ಡ್ರೈವರ್ ಹಾಕಿ ಕಪ್ಪು ತಂತಿ ಬಿಚ್ಚಿ, ಅದರ ಸ್ಕ್ರೂ ನಟ್ಟುಗಳನ್ನು ಜೇಬಿಗೆ ಹಾಕಿಕೊಂಡೆ. ತಲೆ ಎತ್ತಿದರೆ ಮಜ್ಜಿಗೆ ಚೊಂಬು ಹಿಡಿದುಕೊಂಡು ನಾಗರತ್ನ ಬಾಗಿಲಲ್ಲಿ ನಿಂತಿದ್ದಾಳೆ! ನನ್ನ ಕೈಯಲ್ಲಿನ ಸ್ಕ್ರೂ ಡ್ರೈವರ್ ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ತಿರುಗಿ, "ಮಂಜೂ, ಇನ್ನರ್ಧ ಮುದ್ದೆ ಹಾಕ್ಕೊಳ್ಳೋ, ಏನವಸರ ನಿಂಗೆ" ಎಂದಳು. ಹದಿನೈದು ವರ್ಷದಲ್ಲಿ ಅವಳ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಆ ಗುಂಡಿ ಬಿಟ್ಟರೆ ಆಗಲೇ.

ಊಟವಾದ ಮೇಲೆ ಮಂಜು ಬಟನ್ ಒತ್ತಿದ, ಬೀದಿಯ ಕೊನೆಯವರೆಗೆ ತಳ್ಳಿದ, ಬೆವತ. "ಆ ಗಾಡಿ ಹಂಗೇ ಕಣೋ, ಬೆಳಿಗ್ಗೆ ಒಂಥರಾ, ಮಧ್ಯಾಹ್ನ ಒಂಥರಾ. ಅದರ ಸಹವಾಸ ಬೇಡ ನಿಂಗೆ" ಎಂದು ಅಕ್ಕ ಸಮಾಧಾನ ಹೇಳಿದಳು. ನಾನೂ, "ಸ್ಟಾರ್ಟ್ ಆಗಲ್ಲಪ್ಪ ಇನ್ನ" ಎಂದು ದನಿಗೂಡಿಸಿದೆ. ಅವನು ಪಾಪ, ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಹೊರಟ.

ಅವನು ತಿರುವು ದಾಟಿದ್ದೇ ತಡ, ನಾಗರತ್ನ ಸೀರೆ ಬದಲಿಸಿ ಬಂದು, "ವೈರ್ ಸಿಕ್ಕಿಸಿ ನಡೀರಿ. ಕುರುಡುಮಲೆಗೆ ಹೋಗಿ ಗಣಪತಿಗೆ ಕೈ ಮುಗಿದು ಬರೋಣ, ಸುಳ್ಳು ಹೇಳಿದ್ದಕ್ಕೆ" ಎಂದಳು. ಜೇಬಿನಲ್ಲಿ ಕೈಯಿಟ್ಟೆ. ಸ್ಕ್ರೂ ಇತ್ತು, ಅದರ ಜೊತೆಗಿದ್ದ ಕಡಲೆಬೇಳೆಯಷ್ಟು ನಟ್ಟು ಇರಲಿಲ್ಲ. ಅಂಗಳ ಗುಡಿಸಿದೆವು, ಮೋರಿ ತಡಕಿದೆವು. ಭಾನುವಾರ ಚಲಪತಿಯ ಅಂಗಡಿಗೂ ರಜೆ. ಕೊನೆಗೆ ಬಸ್ಸಿನಲ್ಲೇ ಹೋಗೋಣವೆಂದು ಹೊರಟೆವು.

ಬಸ್ ಸ್ಟ್ಯಾಂಡಿನಲ್ಲಿ ಮಂಜು ಇನ್ನೂ ಕೋಲಾರದ ಬಸ್ಸಿಗೆ ಕಾಯುತ್ತ ಕಡಲೆಕಾಯಿ ತಿನ್ನುತ್ತಿದ್ದ. ನಮ್ಮನ್ನು ನೋಡಿ ಎದ್ದುನಿಂತು, "ಏನ್ ಭಾವ, ನೀವೂ ಬಸ್ಸಿಗೇನಾ? ಗಾಡಿ?" ಎಂದ.

"ಹೇಳಿದ್ನಲ್ಲಪ್ಪ, ಸ್ಟಾರ್ಟ್ ಆಗಲ್ಲ ಅಂತ" ಎಂದೆ. ಅವತ್ತು ನಾನು ಅವನಿಗೆ ಹೇಳಿದ ಮೊದಲ ನಿಜ ಅದು. ಅದನ್ನು ಹೇಳುವಾಗಲೇ ನನ್ನ ನಾಲಿಗೆ ತಡವರಿಸಿತು.