ಇನ್ನೊಂದು ಬಿಸಿಲು

ಬಿಟ್ಟರೆ ನಮ್ಮ ಭಾವ ಭದ್ರಾ ನದಿಯನ್ನೇ ಕಣದಲ್ಲಿ ಹರವಿ ಒಣಗಿಸುವ ಆಸಾಮಿ! ಇದು ಉತ್ಪ್ರೇಕ್ಷೆ ಎನ್ನುವವರು ಒಂದು ದಿನ ಅವರ ಮನೆಗೆ ಹೋಗಿ ಬನ್ನಿ. ಹಪ್ಪಳ, ಟವೆಲು, ನೆನೆದ ಚಪ್ಪಲಿ, ಆಗತಾನೇ ಅಂಗಡಿಯಿಂದ ತಂದ ಬಿಸ್ಕತ್ತು, ಎಲ್ಲಕ್ಕೂ ಅವರ ಕಾಫಿ ಕಣದಲ್ಲೊಂದು ಜಾಗವಿದೆ. ಆಗಾಗ ಪಂಚೆ ಎತ್ತಿಕಟ್ಟಿ, ಕಾಲಿನಲ್ಲೇ ಸಾಲು ಎಳೆಯುತ್ತಾ ಎಲ್ಲವನ್ನೂ ಮಗುಚುತ್ತಾರೆ. ಆಮೇಲೆ ಒಂದನ್ನು ಎತ್ತಿ ಕಟ್ಟನೆ ಕಚ್ಚಿ ನೋಡುತ್ತಾರೆ. ಟವೆಲನ್ನೂ ಕಚ್ಚುತ್ತಾರಾ ಎಂದು ಕೇಳಬೇಡಿ. ನಾನು ಕಣ್ಣಾರೆ ನೋಡಿದ್ದೇನೆ. "ಇನ್ನು ನನ್ನೊಬ್ಳನ್ನ ಕಣಕ್ಕೆ ಹಾಕೋದು ಬಾಕಿ" ಎನ್ನುವುದು ನಮ್ಮ ಅಕ್ಕನ ಕಾಯಂ ದೂರು.

ಮೊದಲಿನಿಂದಲೂ ಹೀಗಿದ್ದವರಲ್ಲ. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಕಾಫಿ ಕಾಳು. ವಸ್ತಾರೆ ಕಡೆ ಭಾವನಿಗೆ ಒಬ್ಬ ಸ್ನೇಹಿತರು. ಶಾಲೆಯಲ್ಲಿ ಒಂದೇ ಬೆಂಚು, ಆಮೇಲೆ ಇಬ್ಬರಿಗೂ ಕಾಫಿ ತೋಟ, ಇವರ ಮನೆಯಲ್ಲಿ ಅವರ ಊಟ, ಅವರ ಮನೆಯಲ್ಲಿ ಇವರ ಊಟ. ಒಂದು ವರ್ಷ ಆಲ್ದೂರಿನ ವ್ಯಾಪಾರಿಯ ಅಂಗಡಿಯಲ್ಲಿ, ಹತ್ತು ಜನರೆದುರು, ಸಿಪ್ಪೆ ಸುಲಿದು ಒಣಗಿಸಿದ ಭಾವನ ಪಾರ್ಚ್‌ಮೆಂಟ್ ಕಾಫಿಯ ಚೀಲಕ್ಕೆ ಕೈಹಾಕಿ ಒಂದು ಕಾಳು ಕಚ್ಚಿದ ಈ ವಸ್ತಾರೆಯವರು, "ಇನ್ನೊಂದು ಬಿಸಿಲು ಬೇಕಿತ್ತು ಮಾರಾಯ" ಎಂದುಬಿಟ್ಟರು. ಕಾಫಿ ಬೆಳೆಗಾರನಿಗೆ ನಿನ್ನ ಕಾಫಿ ಒಣಗಿಲ್ಲ ಎನ್ನುವುದೂ ಒಂದೇ, ನಿನ್ನ ಮನೆಯ ಅನ್ನ ಬೆಂದಿಲ್ಲ ಎನ್ನುವುದೂ ಒಂದೇ! ಭಾವ ಚೀಲಗಳನ್ನು ಮತ್ತೆ ಜೀಪಿಗೆ ಹೇರಿಸಿಕೊಂಡು ಮನೆಗೆ ಬಂದರು. ಅಂದಿನಿಂದ ಮಾತು ಬಂದ್. ಅಲ್ಲಿಯವರೆಗೆ 'ಅವನು' ಆಗಿದ್ದ ಗೆಳೆಯ 'ಅವ್ರು' ಆದರು. ಹೀಗೇ ಐದಾರು ವರ್ಷ ಕಳೆಯಿತು.

ನಮ್ಮ ಕಡೆ ರಾಫ್ಟಿಂಗ್ ಎಂಬ ಹುಚ್ಚು ಹೊಸದಾಗಿ ಹತ್ತಿದ್ದ ಕಾಲ. ಮಳೆ ಕಡಿಮೆಯಾಗಿ ಕೊಯ್ಲು ಇನ್ನೂ ಶುರುವಾಗದ ಬಿಡುವಿನಲ್ಲಿ, ಕಳಸದ ಕೆಳಗಿನಿಂದ ಬಾಳೆಹೊನ್ನೂರಿನವರೆಗೆ ಮೂರು ದಿನ ತೇಲಿಕೊಂಡು ಹೋಗುವುದು, ರಾತ್ರಿ ದಡದಲ್ಲಿ ಡೇರೆ ಹಾಕುವುದು ಎಂದು ಮಾತಾಯಿತು. ನಾನು, ಆಲ್ದೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ನನ್ನ ಗೆಳೆಯ, ಜೊತೆಗೆ ವಸ್ತಾರೆಯವರು. ಅವರಿಗೆ ಮೊದಲೇ ಹೊಳೆಗಿಳಿದು ಅಭ್ಯಾಸವಿತ್ತು. ಕೆರೆ ಏರಿಯ ಮೇಲೆ ನಡೆಯಲೂ ಹೆದರುವ ಭಾವ ಈ ಸುದ್ದಿ ಕೇಳಿದ್ದೇ, "ನಾನೂ ಬರ್ತೀನಿ" ಎಂದರು!

"ಭಾವ, ಅವ್ರೂ ಬರ್ತಿದ್ದಾರೆ."

"ಬರ್ಲಿ. ಹೊಳೆ ಯಾರಪ್ಪಂದೂ ಅಲ್ಲ. ನಾನಂತೂ ಮಾತಾಡಲ್ಲ."

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ಹೊಳೆಗೆ ಬೀಳ್ಸು, ಏನಾದ್ರೂ ಮಾಡು, ಇಬ್ರನ್ನೂ ಮಾತಾಡ್ಸಿ ಕರ್ಕೊಂಡು ಬಾ. ಇವ್ರು ಸರಿಯಾಗಿ ಊಟನೇ ಮಾಡಲ್ಲ ಕಣೋ. ಎರಡು ತುತ್ತು ತಿಂತಾರೆ, ಬಾಗ್ಲು ಕಡೆ ನೋಡ್ತಾರೆ."

ನಗುತ್ತಾ ಹೇಳಲು ಹೋದವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ರಾಫ್ಟಿನಲ್ಲಿ ಭಾವ ಮುಂದೆ ಕೂತರು. ಲೈಫ್ ಜಾಕೆಟ್ಟನ್ನು ಅವರು ಜೀಪಿನಲ್ಲೇ ಹಾಕಿಕೊಂಡಿದ್ದರು. ವಸ್ತಾರೆಯವರು ಹಿಂದೆ ಕೂತು ದಾರಿ ಹಿಡಿಸುವವರು. ನಡುವೆ ನಾನು, ಟೆಲಿಫೋನ್ ಎಕ್ಸ್‌ಚೇಂಜ್!

"ಎಡಕ್ಕೆ ಹುಟ್ಟು ಹಾಕ್ಬೇಕಂತ ಹೇಳು ನಿಮ್ಮ ಭಾವನಿಗೆ."

"ಭಾವ, ಎಡಕ್ಕೆ ಹಾಕ್ಬೇಕಂತೆ."

"ಯಾಕಂತೆ ಕೇಳು."

"ಯಾಕೆ ಅಂತಿದ್ದಾರೆ."

"ಎದುರಿಗೆ ಬಂಡೆ ಇದೆ ಅಂತ ಹೇಳು!"

"ಬಂಡೆ ಇದೆಯಂತೆ ಭಾವ!"

"ನಂಗೂ ಕಣ್ಣು ಕಾಣ್ತದೆ ಅಂತ ಹೇಳು ಅವ್ರಿಗೆ."

ಈ ಸುದ್ದಿಯನ್ನು ನಾನು ತಲುಪಿಸುವ ಮೊದಲೇ ನಾವು ಬಂಡೆಯನ್ನು ತಲುಪಿದ್ದೆವು. ರಾಫ್ಟು ಚೆಂಡಿನ ಹಾಗೆ ಪುಟಿದು, ಒಂದು ಸುತ್ತು ತಿರುಗಿ, ಉಳಿದ ಅರ್ಧ ಫರ್ಲಾಂಗು ಹಿಮ್ಮುಖವಾಗಿ ಸಾಗಿತು. ಆ ಸಂಜೆ ಬೆಂಕಿಯ ಆಚೆ ಒಬ್ಬರು, ಈಚೆ ಒಬ್ಬರು. ಉಪ್ಪಿನಕಾಯಿ ಬಾಟಲಿಯೂ ನನ್ನ ಮೂಲಕವೇ ಹೋಗಬೇಕು. ಮೆಡಿಕಲ್ ಶಾಪಿನ ಗೆಳೆಯ ನನ್ನ ಕಿವಿಯಲ್ಲಿ, "ಇಬ್ರಿಗೂ ನಿದ್ದೆ ಮಾತ್ರೆ ಕೊಟ್ಟುಬಿಡ್ಲಾ?" ಎಂದ. ಭಾವ ಎರಡು ತುತ್ತು ತಿಂದು ಎದ್ದರು.

ಮರುದಿನ ಅಕ್ಕನ ಹರಕೆ ಫಲಿಸಿತು. "ಬಲಕ್ಕೆ" ಎಂಬುದು ಭಾವನನ್ನು ಮುಟ್ಟುವಷ್ಟರಲ್ಲಿ ನೀರಿನ ಸೆಳೆತ ರಾಫ್ಟನ್ನು ಮಗುಚಿಹಾಕಿತು! ನಾನು, ಮೆಡಿಕಲ್ ಶಾಪಿನ ಗೆಳೆಯ ಹೇಗೋ ತೇಲಿ ದಡ ಸೇರಿದೆವು. ಭಾವ ಮಾತ್ರ ನಡುಹೊಳೆಯಲ್ಲಿ ಕೈಕಾಲು ಬಡಿಯುತ್ತಿದ್ದರು. ವಸ್ತಾರೆಯವರು ಈಜಿ ಹೋಗಿ, ಜಾಕೆಟ್ಟಿನ ಕುತ್ತಿಗೆಪಟ್ಟಿ ಹಿಡಿದು ದಡಕ್ಕೆ ಎಳೆದು ತಂದರು. ಈಗ ಮಾತಾಡದೆ ಎಲ್ಲಿ ಹೋಗುತ್ತಾರೆ ಎಂದು ನಾನು ಕಾದೆ. ಭಾವ ಕೆಮ್ಮಿದರು, ನೀರು ಉಗುಳಿದರು, ನನ್ನ ಕಡೆ ತಿರುಗಿದರು.

"ದೊಡ್ಡ ಉಪಕಾರ ಆಯ್ತು ಅಂತ ಹೇಳು ಅವ್ರಿಗೆ."

ಪಕ್ಕದಲ್ಲೇ ಏದುಸಿರು ಬಿಡುತ್ತಿದ್ದ ಅವರೂ ನನ್ನನ್ನೇ ನೋಡಿ, "ಪರ್ವಾಗಿಲ್ಲ ಅಂತ ಹೇಳು" ಎಂದರು. ಇಬ್ಬರನ್ನೂ ವಾಪಸ್ ಹೊಳೆಗೆ ನೂಕಬೇಕು ಎನ್ನಿಸಿತು ನನಗೆ!

ಹಾಸಿಗೆ, ಬಟ್ಟೆ, ಅಕ್ಕಿ ಎಲ್ಲ ಒದ್ದೆ. ನಮಗೆ ಅಳು ಬಂದರೆ ಭಾವನ ಮುಖ ಅರಳಿತು! ಬಂಡೆಯ ಮೇಲೆ ಟಾರ್ಪಾಲು ಹಾಸಿ, ಅಕ್ಕಿ ಸುರಿದು, ಕಾಲಿನಲ್ಲಿ ಸಾಲು ಎಳೆಯತೊಡಗಿದರು. "ಬೇಯಿಸೋ ಅಕ್ಕಿನ ಒಣಗಿಸೋದ್ಯಾಕೆ?" ಎಂದು ಗೆಳೆಯ ಕೇಳಿದರೆ ಭಾವ ಇನ್ನೊಂದು ಸಾಲು ಎಳೆದರು. ವಸ್ತಾರೆಯವರು ದೂರದ ಮರದಡಿ ಕೂತು ಆ ಸಾಲುಗಳನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಕಳಸದ ಕಡೆಯಿಂದ ಮೋಡ ಎದ್ದಿತು. ನಾಲ್ಕು ಹನಿಯೂ ಬಿದ್ದವು. ಕಣದಲ್ಲಿ ಕಾಫಿ ಇದ್ದು ಮೋಡ ಎದ್ದರೆ ನಮ್ಮೂರುಗಳಲ್ಲಿ ನೆಂಟರೂ ಕೂರುವುದಿಲ್ಲ, ಆಗದವರೂ ಕೂರುವುದಿಲ್ಲ. ದಾರಿಹೋಕರು ಕೂಡ ಓಡಿಬಂದು ಟಾರ್ಪಾಲಿನ ತುದಿ ಹಿಡಿಯುತ್ತಾರೆ. ವಸ್ತಾರೆಯವರು ಧಡಕ್ಕನೆ ಎದ್ದು ಓಡಿದರು. ಆ ಕಡೆಯ ಎರಡು ತುದಿ ಅವರು, ಈ ಕಡೆಯ ಎರಡು ತುದಿ ಭಾವ. ಎತ್ತಿದರು, ಮಡಚಿದರು, ಮೇಲೆ ಕಲ್ಲು ಹೇರಿದರು. ಎಕ್ಸ್‌ಚೇಂಜಿಗೆ ಕೆಲಸವೇ ಬೀಳಲಿಲ್ಲ! ಮಳೆ ಬರಲಿಲ್ಲ. ಮೋಡ ಸರಿದ ಮೇಲೆ ಇಬ್ಬರೂ ಸೇರಿ ಟಾರ್ಪಾಲು ಬಿಚ್ಚಿದರು.

ಆಗ ವಸ್ತಾರೆಯವರು ಬಗ್ಗಿ ಒಂದು ಅಕ್ಕಿಕಾಳು ಎತ್ತಿಕೊಂಡರು. ಭಾವ ಕಲ್ಲಾಗಿ ನಿಂತರು. ಅವರು ಕಚ್ಚಿದರು. ಅಗಿದರು.

"ಇನ್ನೊಂದು ಬಿಸಿಲು ಬೇಕು ಮಾರಾಯ."

ಮುಗಿಯಿತು ಕಥೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಭಾವನೂ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಿದ್ದರು. ಬಹಳ ಹೊತ್ತು ಅಗಿದರು.

"ಹೌದು ಮಾರಾಯ. ಅವತ್ತೂ ಬೇಕಿತ್ತು."

ಆಮೇಲೆ ಭಾವ ಮೆಲ್ಲಗೆ, "ಹಾಗಾದ್ರೆ ನಾಳೆನೂ ಇಲ್ಲೇ ಇರೋಣ" ಎಂದರು. ಅಭ್ಯಾಸಬಲ ನೋಡಿ, ನಾನು ವಸ್ತಾರೆಯವರ ಕಡೆ ತಿರುಗಿ, "ನಾಳೆನೂ ಇಲ್ಲೇ ಇರ್ಬೇಕಂತೆ" ಎಂದೆ.

"ನಿನ್ನನ್ಯಾರು ಕೇಳಿದ್ರು? ಸುಮ್ನಿರು!" ಎಂದು ಇಬ್ಬರೂ ಒಟ್ಟಿಗೇ ಗದರಿದರು. ಜೀವನದಲ್ಲಿ ಬೈಸಿಕೊಂಡು ನನಗೆ ಅಷ್ಟು ಖುಷಿಯಾದದ್ದು ಅದೊಂದೇ ಸಲ.

ಆ ಸಂಜೆ ಒಣಗದ ಅಕ್ಕಿಯಲ್ಲೇ ಗಂಜಿ ಮಾಡಿದೆವು. ಬೆಂಕಿಯ ಒಂದೇ ಬದಿಯಲ್ಲಿ ಇಬ್ಬರೂ ಕೂತಿದ್ದರು. ವಸ್ತಾರೆಯವರು ಬಡಿಸಿದರು. ಭಾವ ತಟ್ಟೆ ಖಾಲಿ ಮಾಡಿ ಮತ್ತೆ ಮುಂದಕ್ಕೆ ಚಾಚಿದರು. ಅಕ್ಕ ಇದನ್ನು ನೋಡಬೇಕಿತ್ತು ಎಂದುಕೊಂಡೆ. ನಮ್ಮ ಡೇರೆಗೆ ಬಾಗಿಲಿರಲಿಲ್ಲ. ಇದ್ದಿದ್ದರೂ ಭಾವ ಅಂದು ಆ ಕಡೆ ನೋಡುತ್ತಿರಲಿಲ್ಲ.